ಅಳಿಯನ ಕೋಳಿ, ಅತ್ತೆಯ ಮೇವು

ನವುನಿವಿ ಊರಿನವರು ತಿತಿಲಿಯಾಳ ಕೋಳಿತೋಟವನ್ನು ನೋಡಿ ನಗುವುದನ್ನು ನಿಲ್ಲಿಸಿ ಬಹಳ ಕಾಲವೇನೂ ಆಗಿರಲಿಲ್ಲ. ಮನುಷ್ಯರ ಹೊಟ್ಟೆಗೆಂದು ಮರಗೆಣಸು ನೆಡಬೇಕು, ಕೆಸು ಹಾಕಬೇಕು, ಅದು ಸರಿ. ಕೋಳಿ ತಿನ್ನಲಿ ಅಂತ ಯಾರಾದರೂ ನೆಲ ಅಗೆದು, ಗೊಬ್ಬರ ಹೊತ್ತು, ಬೇಲಿ ಕಟ್ಟಿ ಬೆಳೆ ತೆಗೆಯುತ್ತಾರೆಯೇ? ಕಂಡಾವು ದ್ವೀಪದಲ್ಲಿ ಕೋಳಿಯೆಂದರೆ ಬೆಳಿಗ್ಗೆ ತಾನಾಗಿ ಮರದಿಂದಿಳಿದು, ದಿನವೆಲ್ಲ ಊರು ಕೆದಕಿ, ಸಂಜೆ ತಾನಾಗಿ ಮರ ಹತ್ತುವ ಜೀವ. ಮೊಟ್ಟೆ ಎಲ್ಲಿಟ್ಟಿತೆಂಬುದು ಅದಕ್ಕೂ ದೇವರಿಗೂ ಬಿಟ್ಟ ವಿಷಯ.

ತಿತಿಲಿಯಾಳ ಕೋಳಿಗಳು ಆ ಪೈಕಿಯವಲ್ಲ. ರಾಜಧಾನಿ ಸುವಾದಿಂದ ಹಡಗಿನಲ್ಲಿ ಮರಿಗಳಾಗಿ ಬಂದ ಕೆಂಪು ಹೇಂಟೆಗಳು. ಮೂಟೆಯ ಫೀಡು ತಿಂದು ತಪ್ಪದೆ ಮೊಟ್ಟೆ ಇಡುತ್ತಿದ್ದವು. ಚಂಡಮಾರುತ ಬಂದು ಹಡಗುಕಟ್ಟೆ ಮುರಿದ ವರ್ಷ ಫೀಡು ಬರುವುದು ನಿಂತಿತು. ಅಂಥ ಕೋಳಿ ಸಾಕಿದ್ದ ಮನೆಗಳಲ್ಲೆಲ್ಲ ಒಂದೊಂದಾಗಿ ಸಾರಿನ ವಾಸನೆ ಏಳತೊಡಗಿತು. ಗಂಡ ವಿಲಿಸೋನಿಯೂ ಒಂದು ಸಂಜೆ ಬಲೆ ಒಣಹಾಕುತ್ತ, "ಸೊರಗಿ ಸಾಯೋ ಮುಂಚೆ ನಾವೇ ತಿಂದುಬಿಡೋಣ ಕಣೆ," ಅಂದ.

"ನೀನು ಸೊರಗಿದ್ರೆ ನಿನ್ನ ತಿಂದುಬಿಡ್ತೀನಾ?" ಅಂದಳು ತಿತಿಲಿಯಾ. "ಅವು ತಿನ್ನೋದನ್ನ ನಾನು ಬೆಳೀತೀನಿ, ಸುಮ್ನಿರು."

ಹಾಗೆ ಅಂದಾಗ ಅವಳಿಗೆ ಗೊತ್ತಿದ್ದದ್ದು ಅರ್ಧ ಮಾತ್ರ. ಅವಳು ಹುಟ್ಟಿದ್ದು ದೊಡ್ಡ ದ್ವೀಪದ ರಾ ಸೀಮೆಯಲ್ಲಿ, ಕಬ್ಬಿನ ಗದ್ದೆಗಳ ನಡುವೆ. ಪಕ್ಕದ ಮನೆಯ ಸುಖ್‌ದೇಯಿ ಅಜ್ಜಿಯ ಹಿತ್ತಿಲ ಸುತ್ತ ತೊಗರಿ ಗಿಡದ ಬೇಲಿ ಇತ್ತು. ಅಜ್ಜಿಯ ಕೋಳಿಗಳು ದಿನವೆಲ್ಲ ಅದರ ಬುಡದಲ್ಲೇ ಬಿದ್ದಿರುತ್ತಿದ್ದವು. ಅಜ್ಜಿ ಬೇಕೆಂದೇ ಹಾಗೆ ಮಾಡಿದ್ದಳೋ, ಗಿಡ ಅಲ್ಲಿದ್ದದ್ದಕ್ಕೆ ಕೋಳಿ ಸೇರಿತ್ತೋ, ಕೇಳಬೇಕೆಂದು ಚಿಕ್ಕವಳಿಗೆ ಹೊಳೆದಿರಲಿಲ್ಲ. ಈಗ ತಮ್ಮನಿಗೆ ಫೋನು ಮಾಡಿ ತೊಗರಿ, ಜೋಳದ ಬೀಜ ತರಿಸಿದಳು. ಊರಲ್ಲೇ ಸಿಗುವ, ಬೆಂಡೆಯ ಜಾತಿಯ ಬೇಲೆ ಸೊಪ್ಪಿನ ಕಡ್ಡಿ ಊರಿದಳು. ನುಗ್ಗೆಯ ಕೊಂಬೆ ನೆಟ್ಟಳು, ಹರಿವೆ ಚೆಲ್ಲಿದಳು, ಗೆಣಸಿನ ಬಳ್ಳಿ ಹಬ್ಬಿಸಿದಳು. ಹಳೆಯ ಮೀನುಬಲೆ ಕಟ್ಟಿ ಹಿತ್ತಿಲನ್ನು ಭಾಗ ಮಾಡಿದಳು. ಒಂದು ಭಾಗದಲ್ಲಿ ಕೋಳಿ ಮೇಯುವಾಗ ಉಳಿದವು ಚಿಗುರಬೇಕು.

ಮೈದುನ ಸೈರುಸಿಗೆ ಇದಕ್ಕಿಂತ ದೊಡ್ಡ ತಮಾಷೆ ಬೇಕಿರಲಿಲ್ಲ. ಊರಿನ ಒಂದೇ ಅಂಗಡಿ ಅವನದು. ಫೀಡು ಮೂಟೆ ಮಾರುತ್ತಿದ್ದವನೂ ಅವನೇ. ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲು ಬೇಲಿಯ ಹತ್ತಿರ ಬಂದು ನಿಲ್ಲುತ್ತಿದ್ದ.

"ಅತ್ತಿಗೆ, ಕೋಳಿಗಳಿಗೆ ಊಟದ ಮನೆ ಯಾವಾಗ ಕಟ್ಟಿಸ್ತೀರಿ?"

"ನಿನ್ನ ಅಂಗಡಿ ಮುಚ್ಚಿದ ಮೇಲೆ, ಅದೇ ಜಾಗದಲ್ಲಿ."

ಮೊದಲ ವರ್ಷ ಅವನು ನಕ್ಕದ್ದರಲ್ಲಿ ತಪ್ಪಿರಲಿಲ್ಲ. ದಂಡೆಯ ಮೇಲೆ ಸುಬಾಬುಲ್ ತಾನಾಗಿ ಬೆಳೆದು ನಿಂತಿತ್ತು, ಸೊಪ್ಪು ಕೈಗೆ ಸುಲಭ, ಕೋಳಿಗೂ ಇಷ್ಟ. ತಿತಿಲಿಯಾ ಹೊರೆಗಟ್ಟಲೆ ತಂದು ಸುರಿದಳು. ಕೆಲವೇ ವಾರಗಳಲ್ಲಿ ಮೊಟ್ಟೆ ನಿಂತಿತು, ಹೇಂಟೆಗಳ ಮೈ ಬಾಡಿತು, ಕೆಂಪು ಜುಟ್ಟು ಒಣಗಿದ ಮೆಣಸಿನಕಾಯಿಯ ಹಾಗೆ ಸುಕ್ಕಾಯಿತು. ಎರಡು ಸತ್ತವು. ಅವನ್ನು ತಾನೇ ಹೂತು, ಸುಬಾಬುಲ್ ಪೂರ್ತಿ ನಿಲ್ಲಿಸಿ, ನುಗ್ಗೆ ಹರಿವೆಗೆ ಬದಲಾಯಿಸಿದಳು. ಮರಗೆಣಸಿನ ಸಿಪ್ಪೆಯನ್ನು ಬೇಯಿಸಿಯೇ ಹಾಕಬೇಕೆಂದು, ಕಾಡಿನ ಗೆದ್ದಲು ಹುತ್ತದ ಒಂದು ಮಣ್ಣುಗಡ್ಡೆ ಒಡೆದರೆ ಮರಿಗಳು ಕುಣಿಯುತ್ತವೆಂದು, ಕಪ್ಪೆಚಿಪ್ಪು ಕುಟ್ಟಿ ಹಾಕದಿದ್ದರೆ ಮೊಟ್ಟೆಯ ಸಿಪ್ಪೆ ತೆಳುವಾಗುತ್ತದೆಂದು ಒಂದೊಂದೇ ಕಲಿತಳು. ಮೊಟ್ಟೆ ಮೊದಲಿನಷ್ಟು ಬರಲಿಲ್ಲ. ಬಂದದ್ದು ಮಾತ್ರ ಬೇರೆ ಥರ ಇತ್ತು. ಒಳಗಿನ ಹಳದಿ ಭಂಡಾರಕ್ಕೆ ಅರಿಸಿನದಂಥ ಗಾಢ ಬಣ್ಣ. ಹಡಗು ಮತ್ತೆ ಓಡಾಡಲು ಶುರುವಾಗಿ ಮೂಟೆಗಳು ಬಂದಿಳಿದರೂ ಅವಳು ಒಂದನ್ನೂ ಕೊಳ್ಳಲಿಲ್ಲ. ಹೇಂಟೆಗಳು ಕಾವಿಗೆ ಕೂತವು, ಮರಿ ಮಾಡಿದವು, ಮರಿಗಳ ಮರಿಗಳಾದವು. ಹಿತ್ತಿಲು ತುಂಬಿತು.

ಆಗ ಬಂದವನು ಕಿನಿಜೋಜಿ.

ವಿಲಿಸೋನಿಯ ತಂಗಿ ಸಲಸೇನಿಯನ್ನು ಸುವಾದ ಆಚೆ, ರೇವಾ ನದಿಯ ದಂಡೆಯ ಊರಿಗೆ ಕೊಟ್ಟಿದ್ದರು. ಕಿನಿಜೋಜಿ ಅವಳ ದೊಡ್ಡ ಮಗ. ಮೂವತ್ತರ ಆಸುಪಾಸು, ರಗ್ಬಿ ಆಡಿದ ಭುಜ, ಬಾಗಿಲಲ್ಲಿ ನಿಂತರೆ ಮನೆಯೊಳಗೆ ಕತ್ತಲಾಗುವಷ್ಟು ಅಗಲ. ಹಡಗಿನಿಂದ ಇಳಿಯುವಾಗಲೇ ಹೆಗಲ ಮೇಲೆ ಯಂಗೋನಾ ಗಿಡದ ದೊಡ್ಡ ಬೇರು ಹೊತ್ತು ತಂದ. ಹಿರಿಯರ ಮುಂದಿಟ್ಟ, ಕುಟ್ಟಿಸಿ, ನೀರಲ್ಲಿ ಹಿಂಡಿಸಿ, ಆ ಮಂಪರಿನ ಪಾನೀಯವನ್ನು ಎಲ್ಲರಿಗೂ ಕುಡಿಸಿದ. ಅತ್ತೆಗೆ ಹೂವಿನ ಬಟ್ಟೆ ತಂದಿದ್ದ. ಮಾತು ಚೆಂದ, ನಗು ಚೆಂದ. ಬೆಳಿಗ್ಗೆ ನಿಂಬೆ ಪರಿಮಳದ ಮಜ್ಜಿಗೆ ಹುಲ್ಲಿನ ಚಹಾದ ಜೊತೆ ಬೇಯಿಸಿದ ಮೊಟ್ಟೆಗಳನ್ನು ಒಂದಾದ ಮೇಲೊಂದು ಒಡೆದು ತಿನ್ನುತ್ತ, ಭಂಡಾರವನ್ನು ಬೆಳಕಿಗೆ ಹಿಡಿದು ನೋಡಿದ.

"ಅತ್ತೆ, ಇದಕ್ಕೆ ಬಣ್ಣ ಹಾಕ್ತೀರಾ?"

"ಹೂಂ, ರಾತ್ರಿ ಕೂತು ಒಳಗೆ ಬಳೀತೀನಿ," ಅಂದಳು ತಿತಿಲಿಯಾ. ಅವಳಿಗೆ ಅವನು ಹಿಡಿಸಿದ್ದ.

ಮರುದಿನ ಮಧ್ಯಾಹ್ನ ಗಂಡಸರೆಲ್ಲ ಚಾಪೆಯ ಮೇಲೆ ಯಂಗೋನಾ ಬಟ್ಟಲಿನ ಸುತ್ತ ಕೂತಿದ್ದರು. ತಿತಿಲಿಯಾ ಹೊರಗಿನ ಅಡುಗೆ ಗುಡಿಸಲಿನಲ್ಲಿ ತೆಂಗಿನಕಾಯಿ ತುರಿಯುತ್ತಿದ್ದಳು. ಒಳಗೆ ಕಿನಿಜೋಜಿ ಅಂಗೈ ಗುಳಿ ಮಾಡಿ ಚಪ್ಪಾಳೆ ತಟ್ಟಿದ್ದು ಕೇಳಿಸಿತು. ಏನನ್ನೋ ಕೇಳುವ ಮುಂಚಿನ ಚಪ್ಪಾಳೆ ಅದು.

"ಮಾವ, ನಿಮ್ಮ ಹಿತ್ತಿಲಿನ ಕೋಳಿ ಕೇಳ್ತಾ ಇದೀನಿ."

"ಕೇಳೋದೇನಪ್ಪ. ಎಷ್ಟು ಬೇಕು?"

"ಎಲ್ಲಾ."

ಸೋದರಳಿಯ ತಾಯಿಯ ತವರಿಗೆ ಬಂದು ಬಾಯಿಬಿಟ್ಟು ಕೇಳಿದ್ದನ್ನು ಇಲ್ಲವೆನ್ನುವ ಪದ್ಧತಿ ಆ ಸೀಮೆಯಲ್ಲಿಲ್ಲ. ಹಂದಿ ಕೇಳಿದರೆ ಹಂದಿ, ದೋಣಿ ಕೇಳಿದರೆ ದೋಣಿ. ಈಗಿನವರು ಒಂದು ಚಾಪೆಯೋ ಒಂದು ಹಂದಿಮರಿಯೋ ಕೇಳಿ, ಎಲ್ಲರನ್ನೂ ನಗಿಸಿ, ಅಷ್ಟಕ್ಕೇ ಬಿಡುತ್ತಾರೆ. ಎಲ್ಲಾ ಅಂದವನು ಇವನೊಬ್ಬ. ತೆಂಗಿನ ಚಿಪ್ಪು ಬಾಯಿಗೆತ್ತಿದ್ದ ವಿಲಿಸೋನಿ ಅದನ್ನು ಹಾಗೇ ಹಿಡಿದುಕೊಂಡ. ಅಡುಗೆ ಗುಡಿಸಲಿನ ಕಡೆ ಒಮ್ಮೆ ನೋಡಿದ. ಆಮೇಲೆ ಚಿಪ್ಪು ಕೆಳಗಿಟ್ಟು ಚಪ್ಪಾಳೆ ತಟ್ಟಿದ. ಕೊಟ್ಟೆ ಎಂದರ್ಥ.

ಸೈರುಸಿ ತೊಡೆ ತಟ್ಟಿಕೊಂಡು ನಕ್ಕ. "ಅತ್ತಿಗೆ, ಕೇಳಿಸ್ತಾ? ನಾಳೆಯಿಂದ ನಿಮ್ಮ ತೋಟದ ಸೊಪ್ಪು ನೀವೇ ತಿನ್ನಬೇಕು."

ತಿತಿಲಿಯಾಳ ಕಿವಿಯವರೆಗೂ ಬಿಸಿ ಹತ್ತಿತು. ತುರಿಯುವ ಕೈ ನಿಂತಿತು. ಒಂದೊಂದು ಹೇಂಟೆಯೂ ಕಣ್ಣ ಮುಂದೆ ಬಂತು: ಕುಂಟಿ, ಜಗಳಗಂಟಿ, ಯಾರ ಮರಿಯಾದರೂ ರೆಕ್ಕೆಯೊಳಗೆ ಸೇರಿಸಿಕೊಳ್ಳುವ ಬಿಳಿಗತ್ತಿನದು. ಎದ್ದು ಹೋಗಿ ಅಲ್ಲೇ ಜಗಳ ಆಡಬಹುದಿತ್ತು. ಆಡಿದರೆ ಗಂಡನ ಮುಖ ಊರೆದುರು ಕಪ್ಪಾಗುತ್ತಿತ್ತು, ಕೋಳಿ ಮಾತ್ರ ಉಳಿಯುತ್ತಿರಲಿಲ್ಲ. ತೆಂಗಿನ ಹಾಲು ಹಿಂಡಿ ಮುಗಿಸುವಷ್ಟರಲ್ಲಿ ಅವಳಿಗೆ ದಾರಿ ಕಂಡಿತ್ತು. ಕೈ ಒರೆಸಿಕೊಂಡು ಒಳಗೆ ಹೋಗಿ ಬಾಗಿಲ ಬಳಿ ಕೂತು, ತಾನೂ ಅಂಗೈ ಗುಳಿ ಮಾಡಿ ಗಟ್ಟಿಯಾಗಿ ತಟ್ಟಿದಳು.

"ತುಂಬ ಸಂತೋಷ ಕಿನಿ. ಈಗಿಂದ ಕೋಳಿ ನಿಂದು. ನಿಂದು ಅಂದ್ಮೇಲೆ ಅದರ ಹೊಟ್ಟೆ ತುಂಬಿಸೋದೂ ನಿಂದೇ. ಏಳು, ಸಂಜೆ ಮೇವಿನ ಹೊತ್ತಾಯ್ತು."

"ನಾಳೆ ಹಡಗು ಬಂದುಬಿಡತ್ತಲ್ಲ ಅತ್ತೆ. ಇವತ್ತೊಂದಿನ ನೀವೇ..."

"ನಿನ್ನ ಕೋಳಿಗೆ ನಾನು ಕೈ ಹಾಕೋದಾ? ನೋಡಿದೋರು ಏನಂದಾರು?" ಅವಳು ಮೈದುನನ ಕಡೆ ತಿರುಗಿದಳು. "ಚಿಕ್ಕ ಮಾವನ ಅಂಗಡೀಲಿ ಫೀಡು ಮೂಟೆ ಬಿದ್ದಿವೆ. ಕೇಳು. ಅವನೂ ನಿಂಗೆ ಸೋದರಮಾವನೇ ತಾನೇ?"

ಸೈರುಸಿಯ ನಗು ನಿಂತಿತು. ಕಿನಿಜೋಜಿ ಕೇಳಿಯೇಬಿಟ್ಟ. ಸುತ್ತ ಕೂತವರೆಲ್ಲ ತನ್ನನ್ನೇ ನೋಡುತ್ತಿರುವಾಗ ಸೈರುಸಿ ಚಪ್ಪಾಳೆ ತಟ್ಟದೆ ಇನ್ನೇನು ಮಾಡಿಯಾನು? ಅವನ ಚಪ್ಪಾಳೆ ಬಹಳ ಮೆಲ್ಲಗಿತ್ತು.

ಮರುದಿನ ಹಡಗು ಬರಲಿಲ್ಲ. ಎಂಜಿನ್ ಕೆಟ್ಟು ಸುವಾದಲ್ಲೇ ನಿಂತಿದೆಯಂತೆ, ಬಿಡಿಭಾಗ ಹೊರದೇಶದಿಂದ ಬರಬೇಕಂತೆ ಎಂದು ಫೋನು ಬಂತು. ಕಿನಿಜೋಜಿ ಅಷ್ಟರಲ್ಲಿ ಕೋಳಿಗಳನ್ನೆಲ್ಲ ಹಿಡಿದು, ಕಾಲು ಕಟ್ಟಿ ಸಾಗಿಸಿ, ಹಡಗುಕಟ್ಟೆಯ ಪಕ್ಕ ಬಲೆ ಸುತ್ತಿದ ಗೂಡಿನಲ್ಲಿ ತುಂಬಿಯಾಗಿತ್ತು. ಹಡಗು ಬಂದ ಕೂಡಲೇ ಏರಿಸಲು ಅದೇ ಸುಲಭವೆಂದು ಅವನ ಲೆಕ್ಕ.

ವಾರ ಕಳೆಯಿತು. ಮೂಟೆ ಫೀಡನ್ನು ಕೋಳಿಗಳು ಅರ್ಧ ತಿಂದು ಅರ್ಧ ಕೆದರಿ ಚೆಲ್ಲಿದವು. ಒಂದು ರಾತ್ರಿಯ ಮಳೆಗೆ ಉಳಿದದ್ದು ನೆನೆದು ಮುಗ್ಗಿತು. ಮರಳಿನ ಮೇಲೆ ಹಸಿರಿಲ್ಲ, ನೆರಳಿಲ್ಲ. ಹೇಂಟೆಗಳು ಒಂದನ್ನೊಂದು ಕುಕ್ಕಿ ಬಾಲದ ಪುಕ್ಕ ಕೀಳತೊಡಗಿದವು. ಮೊಟ್ಟೆಯ ಮಾತೇ ಇಲ್ಲ. ತಿತಿಲಿಯಾ ಜಗಲಿಯಲ್ಲಿ ಕೂತು ಕೇದಿಗೆ ಗರಿಯ ಚಾಪೆ ಹೆಣೆಯುತ್ತಿದ್ದಳು. ಕೈ ಗರಿಯ ಮೇಲೆ, ಕಿವಿ ಮಾತ್ರ ಹಡಗುಕಟ್ಟೆಯ ಕಡೆಗೆ. ಗಾಳಿ ಆ ಕಡೆಯಿಂದ ಬೀಸಿದಾಗಲೆಲ್ಲ ಜಗಳಗಂಟಿಯ ಕೂಗು ಗುರುತಾಗಿ ಹೆಣಿಗೆ ತಪ್ಪುತ್ತಿತ್ತು.

"ಹೋಗಿ ಒಂದು ಹೊರೆ ಸೊಪ್ಪು ಹಾಕಿ ಬರಬಾರ್ದಾ?" ಅಂದ ವಿಲಿಸೋನಿ, ತಪ್ಪಿತಸ್ಥನ ದನಿಯಲ್ಲಿ.

"ಅವನು ಕೇಳ್ಕೊಂಡು ಬರ್ತಾನೆ. ಇವತ್ತಲ್ಲ, ನಾಳೆ. ಬರದಿದ್ರೆ ನಾಳೆ ಸಂಜೆ ನಾನೇ ಹೋಗ್ತೀನಿ, ನಿನ್ನ ಪದ್ಧತಿ ಸಮುದ್ರಕ್ಕೆ ಬೀಳ್ಲಿ."

ಕಿನಿಜೋಜಿ ಬಂದ. ಮೆಟ್ಟಿಲ ಕೆಳಗೆ ನಿಂತು, ಸೊಂಟಕ್ಕೆ ಲುಂಗಿಯಂತೆ ಸುತ್ತಿದ್ದ ಸುಲು ಸರಿ ಮಾಡಿಕೊಂಡ.

"ಅತ್ತೆ, ಕೋಳಿ ಯಾಕೋ ಸರಿ ಇಲ್ಲ. ನಿಮ್ಮ ತೋಟದಿಂದ ಒಂದಿಷ್ಟು ಸೊಪ್ಪು..."

"ನೀನು ಕೇಳಿದ್ದು ಕೋಳಿ. ತೋಟ ಕೇಳಿಲ್ವಲ್ಲ."

ಅವನ ಮುಖ ಕೆಂಪಾಯಿತು. ದೊಡ್ಡ ಮೈಯ ಒಳಗಿನಿಂದ ಹಟ ತಲೆಯೆತ್ತಿತು. "ಹಾಗಾದ್ರೆ ತೋಟಾನೂ ಕೇಳ್ತೀನಿ."

ಒಳಗಿದ್ದ ವಿಲಿಸೋನಿ ಕೆಮ್ಮಿದ. ಬೇಲಿಯಾಚೆ ಸೈರುಸಿ ಪೊರಕೆ ಹಿಡಿದವನು ಗುಡಿಸುವುದನ್ನು ನಿಲ್ಲಿಸಿದ. ತಿತಿಲಿಯಾ ಗರಿಯನ್ನು ಪಕ್ಕಕ್ಕಿಟ್ಟು, ಅಳಿಯನ ಮುಖವನ್ನೇ ನೋಡುತ್ತ, ಚಪ್ಪಾಳೆ ತಟ್ಟಿದಳು.

"ಆಯ್ತು. ತೋಟಾನೂ ನಿಂದೇ. ಬಾ, ನಿನ್ನ ತೋಟ ನಿಂಗೆ ತೋರಿಸ್ತೀನಿ."

ತೋರಿಸಿದಳು. ಕಟ್ಟೆಯ ಗೂಡಿನಿಂದ ಕೋಳಿಗಳನ್ನು ಮತ್ತೆ ಇಲ್ಲಿಗೆ ತಂದು ಬಿಡುವುದು ಅವನದು. ತೊಗರಿಯ ನಡುವೆ ಎದ್ದ ಕಳೆ ಅವನದು. ಹಂದಿ ನುಗ್ಗದಂತೆ ದಿನಾ ನೋಡಬೇಕಾದ ಬೇಲಿ ಅವನದು. ದಂಡೆಯಿಂದ ಕಡಲಪಾಚಿ ಹೊತ್ತು ತಂದು, ಉಪ್ಪು ಹೋಗಲು ಮಳೆಗೆ ಬಿಟ್ಟು, ಗೊಬ್ಬರದ ಗುಂಡಿಗೆ ಹಾಕುವುದು ಅವನದು. ಯಾವ ಭಾಗ ಮೇಯ್ದು ಮುಗಿಯಿತು, ಯಾವುದು ಚಿಗುರಿತು ಎಂದು ನೋಡಿ ಕೋಳಿ ಬದಲಾಯಿಸುವುದು ಅವನದು. ಸಿಪ್ಪೆ ಬೇಯಿಸುವುದು, ಚಿಪ್ಪು ಕುಟ್ಟುವುದು, ಗೆದ್ದಲು ಹುತ್ತ ಹುಡುಕಿ ಗುಡ್ಡ ಹತ್ತುವುದು. ಕೊನೆಗೆ ಕತ್ತಿಯನ್ನು ಅವನ ಕೈಗಿಟ್ಟು, ಜಗಲಿಗೆ ಹೋಗಿ ಚಾಪೆಯ ಮುಂದೆ ಕೂತಳು.

"ನಾಲ್ಕು ವರ್ಷದಿಂದ ಈ ಚಾಪೆ ಮುಗಿಸೋಕೆ ಪುರುಸೊತ್ತೇ ಸಿಕ್ಕಿರ್ಲಿಲ್ಲ," ಅಂದಳು ಗಂಡನಿಗೆ, ಹಿತ್ತಿಲಿಗೆ ಕೇಳುವಷ್ಟು ಗಟ್ಟಿಯಾಗಿ.

ಕಿನಿಜೋಜಿ ಸೋಮಾರಿಯಲ್ಲ ಎಂಬುದು ಬೇಗ ಗೊತ್ತಾಯಿತು. ಆದರೆ ಎಲ್ಲದಕ್ಕೂ ಆತುರ. ಬುಡಕ್ಕೆ ಕತ್ತಿ ಹಾಕಿ ಬೇಲೆ ಸೊಪ್ಪು ಕತ್ತರಿಸಿದ; ಮೊಣಕಾಲೆತ್ತರ ಬಿಟ್ಟರೆ ಮತ್ತೆ ಚಿಗುರುತ್ತದೆಂದು ಅವಳು ಜಗಲಿಯಿಂದಲೇ ಕೂಗಿದಳು. ಭಾನುವಾರ ಬೆಳಿಗ್ಗೆ ಅವನು ಬಿಳಿ ಅಂಗಿ ತೊಟ್ಟು ಚರ್ಚಿಗೆ ಹೊರಟರೆ ಸೈರುಸಿ ದಾರಿಗೆ ಅಡ್ಡ ನಿಂತ.

"ಎಲ್ಲಿಗೆ ರಾಜ? ನಿನ್ನ ಕೋಳಿಗಳು ಮೆಥಡಿಸ್ಟರಲ್ಲಪ್ಪ. ಅವಕ್ಕೆ ಭಾನುವಾರ ಇಲ್ಲ."

ಕಿನಿಜೋಜಿ ಬಿಳಿ ಅಂಗಿ ಬಿಚ್ಚಿ ಬೇಲಿಗೆ ನೇತುಹಾಕಿ ಮೇವು ಕತ್ತರಿಸಿದ. ಚರ್ಚಿಗೆ ತಡವಾಗಿ ಬಂದು ಕೂತವನ ತಲೆಯಲ್ಲಿ ಹರಿವೆ ಬೀಜ ಅಂಟಿತ್ತು.

ತಿತಿಲಿಯಾ ಮನಸ್ಸಿನಲ್ಲೇ ಒಂದು ನಿಶ್ಚಯ ಮಾಡಿಕೊಂಡಿದ್ದಳು: ಕೇಳಿದ್ದಕ್ಕೆ ಉತ್ತರ ಕೊಡುವುದು, ತಾನಾಗಿ ಹಿತ್ತಿಲಿಗೆ ಕಾಲಿಡುವುದಿಲ್ಲ. ಆ ನಿಶ್ಚಯ ಒಂದು ಬೆಳಿಗ್ಗೆ ಮುರಿಯಿತು. ಕಿನಿಜೋಜಿ ದಂಡೆಯ ಕಡೆಯಿಂದ ಹೆಗಲ ತುಂಬ ಸುಬಾಬುಲ್ ಸೊಪ್ಪು ಹೊತ್ತು, ಸಿಳ್ಳೆ ಹಾಕುತ್ತ ಬರುತ್ತಿದ್ದ. ಸುಲಭದ ಹಸಿರು ಸಿಕ್ಕಿತೆಂಬ ಖುಷಿ ಅವನಿಗೆ. ಅವಳು ಚಾಪೆ ಬಿಟ್ಟು ಎದ್ದು, ಬರಿಗಾಲಲ್ಲೇ ಓಡಿ ಅವನ ದಾರಿಗೆ ಅಡ್ಡ ನಿಂತಳು.

"ಇಳಿಸು. ಇದನ್ನ ಹಾಕ್ಬೇಡ."

"ತಿಂತಾವಲ್ಲ ಅತ್ತೆ, ನಿನ್ನೆ ಒಂದು ಹಿಡಿ ಹಾಕಿದ್ದೆ, ಮುಗಿಬಿದ್ದು ತಿಂದ್ವು."

"ಹಿಡಿ ಹಾಕಿದ್ರೆ ಏನೂ ಆಗಲ್ಲ. ಹೊರೆ ಹಾಕಿದ್ರೆ ಸಾಯ್ತಾವೆ. ನಾನೇ ಸಾಯಿಸಿದೀನಿ."

ಅವನು ಹೊರೆ ಇಳಿಸಿದ. ಅವಳು ಮೊದಲ ವರ್ಷದ ಕಥೆ ಹೇಳಿದಳು, ಬಾಡಿದ ಜುಟ್ಟು, ಹೂತ ಹೇಂಟೆಗಳು, ಎಲ್ಲ. ಅವನು ನಗಲಿಲ್ಲ.

"ಸುಮ್ನೆ ಬಿಟ್ಟಿದ್ರೆ ನಾನೇ ಸೋತು ಎಲ್ಲಾ ವಾಪಸ್ ಕೊಡ್ತಿದ್ನಲ್ಲ. ಯಾಕೆ ಹೇಳಿದ್ರಿ?"

"ಸೋಲೋದು ನೀನು, ಸಾಯೋದು ಅವು. ಅದ್ಯಾವ ನ್ಯಾಯ?" ಅಂದಳು ತಿತಿಲಿಯಾ. ಆ ದಿನದಿಂದ ಅವಳೂ ಹಿತ್ತಿಲಿಗಿಳಿದಳು.

ಕೆಲಸ ಮಾಡುತ್ತ ಮಾಡುತ್ತ ಅವನ ಬಾಯಿಂದ ಸಂಗತಿ ಹೊರಬಂತು. ಸುವಾದಲ್ಲಿ ಕೆಲಸ ಮಾಡುತ್ತಿದ್ದ ಕಾರ್ಖಾನೆ ಮುಚ್ಚಿತ್ತು. ಹೆಂಡತಿಗೆ ಈಗ ದಿನ ತುಂಬುತ್ತ ಬಂದಿತ್ತು. ತಂದೆಯ ಊರಿಗೆ ವಾಪಸಾದವನನ್ನು ದಾಯಾದಿಗಳು ರಗ್ಬಿ ಬಿಟ್ಟರೆ ಇವನಿಗೇನು ಗೊತ್ತು ಎಂಬಂತೆ ನೋಡುತ್ತಿದ್ದರು. ತಾಯಿಯ ತವರಿನಿಂದ ಕೋಳಿಯ ದಂಡನ್ನೇ ಇಳಿಸಿಕೊಂಡು ಹೋದರೆ ಅವರ ಬಾಯಿ ಮುಚ್ಚುತ್ತದೆ ಎಂದುಕೊಂಡಿದ್ದ.

"ಎರಡು ಕೋಳಿ ಕೇಳಿದ್ರೆ ಸಣ್ಣವನ ಥರ ಕಾಣ್ತಿದ್ದೆ ಅತ್ತೆ."

"ಎಲ್ಲಾ ಕೇಳಿದ್ದಕ್ಕೆ ಈಗ ಎಷ್ಟು ದೊಡ್ಡವನಾಗಿದೀಯ ನೋಡು. ಮೂಗಿನ ಮೇಲೆ ಕೋಳಿ ಹಿಕ್ಕೆ ಇದೆ, ಒರೆಸ್ಕೋ."

ಹಡಗು ಇಂದು ನಾಳೆ ಎನ್ನುತ್ತಿರುವಾಗ ಒಂದು ಮುಂಜಾನೆ ಹಂದಿಗಳು ನುಗ್ಗಿದವು. ಬೇಲಿಯ ಒಂದು ಗೂಟ ಅಲುಗುತ್ತಿದ್ದುದನ್ನು ಕಿನಿಜೋಜಿ ಹಿಂದಿನ ಸಂಜೆ ನೋಡಿ ನಾಳೆಗೆ ಬಿಟ್ಟಿದ್ದ. ಸೈರುಸಿಯೇ ಮೊದಲು ಕಂಡು ಕೂಗಿದ್ದು. ಮೂವರೂ ಕೋಲು ಹಿಡಿದು ಬೆನ್ನಟ್ಟಿ ಓಡಿಸುವಷ್ಟರಲ್ಲಿ ಗೆಣಸಿನ ಪಾತಿ ಉತ್ತ ಹೊಲದ ಹಾಗಾಗಿತ್ತು. ಬಳ್ಳಿ ತುಂಡುತುಂಡಾಗಿ ಬಿದ್ದಿತ್ತು. ಕಿನಿಜೋಜಿ ಕೆಸರಿನಲ್ಲೇ ಕುಸಿದು ಕೂತ. ಅಷ್ಟು ದೊಡ್ಡ ಮನುಷ್ಯ ಕೈಗೆ ಸಿಕ್ಕ ಬಳ್ಳಿಯೊಂದನ್ನು ಬೆರಳಿಗೆ ಸುತ್ತುತ್ತ, "ನನ್ನ ತೋಟ ಹಾಳಾಯ್ತು," ಅಂದ.

ಸೈರುಸಿ ಏನೋ ತಮಾಷೆ ಮಾಡಲು ಬಾಯಿ ತೆರೆದ. ತಿತಿಲಿಯಾ ಕಣ್ಣಲ್ಲೇ ಅವನನ್ನು ಸುಮ್ಮನಾಗಿಸಿದಳು. ಬಗ್ಗಿ ಒಂದು ತುಂಡು ಎತ್ತಿ ಗೆಣ್ಣನ್ನು ಹೆಬ್ಬೆರಳಿಂದ ತೋರಿಸಿದಳು.

"ಇಲ್ಲಿ ನೋಡು, ಬೇರು ಬರೋ ಜಾಗ. ಹಂದಿಗಳು ಕತ್ತರಿಸೋ ಕೆಲಸ ಮಾಡಿಕೊಟ್ಟಿವೆ, ನೆಡೋ ಕೆಲಸ ಬಾಕಿ. ಮಣ್ಣೂ ಸಡಿಲವಾಗಿದೆ. ಏಳು."

ಅವರು ನೆಟ್ಟರು. ಸೈರುಸಿ ಅಂಗಡಿಯ ಬಾಗಿಲು ಹಾಕಿ ಬಂದು, ಯಾರೂ ಕರೆಯದಿದ್ದರೂ, ಬೇಲಿಯ ಗೂಟಗಳನ್ನು ಒಂದೊಂದಾಗಿ ಅಲುಗಿಸಿ ನೋಡಿ ಹೊಸದಾಗಿ ಬಡಿದ. ವಿಲಿಸೋನಿ ಬಿಂದಿಗೆಯಲ್ಲಿ ನೀರು ಹೊತ್ತ. ಮಧ್ಯಾಹ್ನ ಎಲ್ಲರೂ ಅಲ್ಲೇ ಕೂತು ತೆಂಗಿನಹಾಲಿನ ಮೀನು, ಬೇಯಿಸಿದ ಮರಗೆಣಸು ತಿಂದರು. ಕಿನಿಜೋಜಿ ತಿನ್ನುವುದನ್ನು ಮರೆತು ಸಾಲುಗಳನ್ನೇ ನೋಡುತ್ತಿದ್ದ.

"ಅತ್ತೆ, ಇದು ಹಬ್ಬಿ ಕೋಳಿಗೆ ಬಿಡೋಕೆ ಎಷ್ಟು ಕಾಲ ಬೇಕು?"

"ಬಳ್ಳಿಗೆ ಎರಡು ತಿಂಗಳು. ತೊಗರಿಗೆ ಆರು. ನುಗ್ಗೆ ಒಂದು ವರ್ಷ ಸುಮ್ನೆ ಬಿಟ್ರೆ ಆಮೇಲೆ ಜನ್ಮಪೂರ್ತಿ ಕೊಡತ್ತೆ."

"ನನ್ನ ಹಿತ್ತಿಲಲ್ಲಿ ಏನೂ ಇಲ್ಲ," ಅಂದ ಅವನು ನಿಧಾನವಾಗಿ. "ಹುಲ್ಲು ಬಿಟ್ಟು ಏನೂ ಇಲ್ಲ. ಇವನ್ನ ಈಗ ಒಯ್ದ್ರೆ ಏನು ಹಾಕ್ಲಿ?"

ತಿತಿಲಿಯಾ ಮೀನಿನ ಮುಳ್ಳು ತೆಗೆಯುತ್ತ ಕೂತಳು. ಉತ್ತರ ಅವನಿಗೇ ಗೊತ್ತಿತ್ತು.

ಹಡಗು ಬಂದ ದಿನ ಊರೆಲ್ಲ ಕಟ್ಟೆಯ ಮೇಲೆ ಸೇರಿತು. ಕಿನಿಜೋಜಿಯ ಹೆಗಲ ಮೇಲೆ ಕೋಳಿಗೂಡಿರಲಿಲ್ಲ. ಬಾಳೆಪಟ್ಟೆಯಲ್ಲಿ ಸುತ್ತಿದ ಬೇಲೆ ಕಡ್ಡಿ, ನುಗ್ಗೆ ಕೊಂಬೆ, ಒದ್ದೆ ಗೋಣಿಯಲ್ಲಿ ಗೆಣಸಿನ ಬಳ್ಳಿ, ಸೀಸೆಗಳಲ್ಲಿ ತೊಗರಿ, ಜೋಳ, ಹರಿವೆ ಬೀಜ. ಅವನು ಕುಗ್ಗಿದ ದನಿಯಲ್ಲಿ, "ಅತ್ತೆ, ಕೋಳಿ ವಾಪಸ್ ತಗೊಂಡುಬಿಡಿ," ಅಂದ.

"ಕೊಟ್ಟಿದ್ದನ್ನ ವಾಪಸ್ ತಗೊಳ್ಳೋಕೆ ನಾನೇನು ಸೈರುಸಿ ಥರ ಅಂಗಡಿ ಇಟ್ಟಿದೀನಾ? ಕೋಳಿ ನಿಂದೇ. ಮದುವೆ ಗೊತ್ತಾದ ಹುಡುಗೀರ ಹಾಗೆ ಇಲ್ಲಿರ್ತಾವೆ. ನಾನು ಬಂದು ಗಂಡಿನ ಮನೆ ನೋಡ್ತೀನಿ. ಒಪ್ಪಿಗೆ ಆದ್ರೆ ಕಳಿಸಿಕೊಡ್ತೀನಿ."

"ತೋಟ?"

"ತೋಟಾನೂ ನಿಂದೇ. ವರ್ಷಕ್ಕೊಂದ್ಸಲ ಬಂದು ಕಳೆ ಕೀಳು."

ಕಟ್ಟೆಯ ಮೇಲಿದ್ದವರು ನಕ್ಕರು. ಕಿನಿಜೋಜಿಯೂ ನಕ್ಕ. ಆಮೇಲೆ ಬಗ್ಗಿ ಅತ್ತೆಯ ಕೆನ್ನೆಗೆ ಮೂಗು ತಾಗಿಸಿ ಉಸಿರೆಳೆದು, ಆ ಸೀಮೆಯ ರೀತಿಯಲ್ಲಿ ಮುತ್ತು ಕೊಟ್ಟು, ಹಡಗು ಹತ್ತಿದ.

ತೊಗರಿ ಹೂ ಬಿಟ್ಟಿತೆಂದು ಸಲಸೇನಿ ಫೋನು ಮಾಡಿದ ಮೇಲೆ ತಿತಿಲಿಯಾ ಹೊರಟಳು. ಎರಡು ಬುಟ್ಟಿ ತುಂಬ ಎಳೆಯ ಹೇಂಟೆಗಳು, ಒಂದು ಹುಂಜ. ಹಳೆಯ ಕೋಳಿಗಳಿಗೆ ಸಮುದ್ರ ಒಗ್ಗುವುದಿಲ್ಲವೆಂದು ತಾನೇ ತೀರ್ಮಾನಿಸಿ ಅವುಗಳನ್ನು ಹಿತ್ತಿಲಲ್ಲೇ ಉಳಿಸಿಕೊಂಡಿದ್ದಳು. ರೇವಾ ನದಿಯ ದಂಡೆಯ ಮನೆಯಲ್ಲಿ ನಾದಿನಿ ಚಾಪೆ ಹಾಸಿದಳು, ಕಿನಿಜೋಜಿಯ ಹೆಂಡತಿ ಕೂಸನ್ನು ತಂದು ಅವಳ ಮಡಿಲಿಗೆ ಹಾಕಿದಳು. ತಿತಿಲಿಯಾ ಕೂಸನ್ನು ಆಡಿಸಿ, ಚಹಾ ಕುಡಿದು, "ಎಲ್ಲಿ, ನೋಡೋಣ," ಎಂದು ಎದ್ದಳು. ದಾಯಾದಿಗಳು ಬೇಲಿಯಾಚೆ ಸಾಲಾಗಿ ನಿಂತಿದ್ದರು.

ಅವಳು ಅವಸರ ಮಾಡಲಿಲ್ಲ. ಗೂಟ ಹಿಡಿದು ಅಲುಗಿಸಿದಳು, ಅಲುಗಲಿಲ್ಲ. ಬೇಲೆ ಸೊಪ್ಪನ್ನು ಮೊಣಕಾಲೆತ್ತರಕ್ಕೇ ಕತ್ತರಿಸಿದ್ದು ನೋಡಿದಳು. ನುಗ್ಗೆ ತೀರಾ ಒತ್ತಾಗಿದೆ, ಎರಡಕ್ಕೊಂದು ಕೀಳಬೇಕು ಅಂದಳು. ಜೋಳಕ್ಕೆ ಗಿಳಿ ಕಾಟ ಹೆಚ್ಚು, ತೆನೆಗೆ ಚೀಲ ಕಟ್ಟು ಅಂದಳು. ಹಿತ್ತಿಲ ಕೊನೆಯಲ್ಲಿ ನದಿಯ ನೀರು ನಿಲ್ಲುವ ಒಂದು ತಗ್ಗಿತ್ತು. ಅಲ್ಲಿ ಅವಳು ನೆಟ್ಟು ನೋಡದ, ಕೊಳವೆಯಂಥ ದಂಟಿನ ಬಳ್ಳಿ ಸೊಪ್ಪೊಂದು ನೀರಿನ ಮೇಲೆಯೇ ದಟ್ಟವಾಗಿ ಹಬ್ಬಿತ್ತು.

"ಇದ್ಯಾರು ಕೊಟ್ರು?"

"ಯಾರೂ ಇಲ್ಲ. ಕಾಲುವೇಲಿ ಬೆಳೀತಿತ್ತು. ಪಕ್ಕದ ಮನೆ ಬಾತುಕೋಳಿ ತಿನ್ನೋದು ನೋಡಿದೆ," ಅಂದ ಕಿನಿಜೋಜಿ. "ಮೊದಲು ನಮ್ಮ ಮುದಿ ಹುಂಜಕ್ಕೆ ಸ್ವಲ್ಪ ಹಾಕಿ ನೋಡಿದೆ. ಆಮೇಲೆ ಹೊರೆ ಹಾಕಿ ಎರಡು ತಿಂಗಳು ಕಾದೆ. ಏನೂ ಆಗಿಲ್ಲ. ಕತ್ತರಿಸಿದ ವಾರಕ್ಕೆ ಮತ್ತೆ ಇಷ್ಟೇ ಬರತ್ತೆ."

ತಿತಿಲಿಯಾ ಒಂದು ದಂಟು ಮುರಿದು ಬಾಯಿಗೆ ಹಾಕಿಕೊಂಡು ಅಗಿದಳು. ನವುನಿವಿಯ ಕೆಸುವಿನ ಗದ್ದೆಯ ಪಕ್ಕ ಇಂಥದ್ದೇ ಒಂದು ತಗ್ಗು ಬರಿದೇ ಬಿದ್ದಿತ್ತು. ಬುಟ್ಟಿಗಳ ಮುಚ್ಚಳ ತಾನೇ ಬಿಚ್ಚಿದಳು. ಹೇಂಟೆಗಳು ಕತ್ತು ಚಾಚಿ, ಹೊಸ ನೆಲವನ್ನು ಒಂದು ಗಳಿಗೆ ಅನುಮಾನದಿಂದ ನೋಡಿ, ತೊಗರಿಯ ನೆರಳಿಗೆ ಓಡಿದವು. ಬೇಲಿಯಾಚೆ ಯಾರೋ, "ಪರವಾಗಿಲ್ವೇ ಇವನು," ಅಂದದ್ದು ಕೇಳಿಸಿತು.

ತಿತಿಲಿಯಾ ಕಿನಿಜೋಜಿಯ ಕಡೆ ತಿರುಗಿ, ಅಂಗೈ ಗುಳಿ ಮಾಡಿ ಚಪ್ಪಾಳೆ ತಟ್ಟಿದಳು.

"ಕಿನಿ, ಆ ನೀರಿನ ಬಳ್ಳಿ ಕೇಳ್ತಾ ಇದೀನಿ."

"ಎಷ್ಟು ಬೇಕು ಅತ್ತೆ?"

"ಒಂದು ಹಿಡಿ ಸಾಕು. ಉಳಿದದ್ದು ನಾನು ಬೆಳೆಸ್ಕೋತೀನಿ."

ಅವನು ತಗ್ಗಿಗಿಳಿದು, ಬಲಿತ ದಂಟುಗಳನ್ನೇ ಆರಿಸಿ ಕತ್ತರಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದುಕೊಟ್ಟ. ಬಸ್ಸಿಗೆ ಇನ್ನೂ ಹೊತ್ತಿತ್ತು. ಅವಳು ಸುಲುವನ್ನು ಬಿಗಿದು ಕಟ್ಟಿ, ಎರಡಕ್ಕೊಂದು ಗಿಡ ಕೀಳಲು ಒತ್ತಾಗಿದ್ದ ನುಗ್ಗೆ ಸಾಲಿನ ಮುಂದೆ ಕೂತಳು.